ಆ ತುದಿಯ ಉರುಳೆ

ನೈಲಾನ್ ನೂಲಿನ ಕಾರ್ಖಾನೆಯೊಂದರಲ್ಲಿ ಎರಡು ಉರುಳೆಗಳಿದ್ದವು. ಹಿಂದಿನವನು ನಿಧಾನ, ಮುಂದಿನವಳು ಚುರುಕು. ನಡುವೆ ಒಂದು ಬಿಸಿ ತಟ್ಟೆ. ಅದರ ಮೇಲೆ ಹಾಯುವ ನೂಲನ್ನು ಅವಳು ಎಳೆಯುತ್ತಿದ್ದಳು, ಇವನು ತಡೆಯುತ್ತಿದ್ದ. ಹಾಗೆ ಬಿಗಿಯಾಗಿ ಕಾದ ನೂಲು ನೆಟ್ಟಗೆ ಗಟ್ಟಿಯಾಗಿ ಮೀನಿನ ಬಲೆಗೆ ಹೋಗುತ್ತಿತ್ತು.

“ಅಷ್ಟೇನು ಅವಸರ ನಿನಗೆ?” ಎಂದು ಇವನು ದಿನವೂ ಗೊಣಗುತ್ತಿದ್ದ.

“ಮೊದಲು ನೀನು ಬಿಡು, ಆಮೇಲೆ ನಾನು ಬಿಡ್ತೀನಿ,” ಎಂದು ಅವಳು ನಗುತ್ತಿದ್ದಳು.

ಒಂದು ದಿನ ಅವಳು ಸವೆದು ನಿಂತಳು. ಆಳುಗಳು ಬಂದು ಅವಳನ್ನು ಬಿಚ್ಚಿ ತೆಗೆದುಕೊಂಡು ಹೋದರು.

ನೂಲು ತಟ್ಟೆಯ ಮೇಲೆ ಹಾಯಾಗಿ ಮೈಚೆಲ್ಲಿತು. “ಅಂತೂ ನಿಮ್ಮಿಬ್ಬರ ಜಗ್ಗಾಟ ತಪ್ಪಿತು ಮಾವ.”



ತುಸು ಹೊತ್ತಿಗೆ ನೂಲು ಮುದುಡತೊಡಗಿತು. “ಮಾವ, ನಿನ್ನೆಯ ನೂಲು ಇದೇ ಬಿಸಿಯಲ್ಲಿ ಗಟ್ಟಿಯಾಯಿತು. ನಾನು ಯಾಕೆ ಸುರುಟಿ ಹೋಗ್ತಿದ್ದೀನಿ? ಬಿಗಿಯಾಗಿ ಹಿಡಿ.”

“ಹಿಡಿದೇ ಇದ್ದೀನಿ ಮಗಾ.”

“ಮತ್ತೆ?”

“ಆ ತುದಿ ಹಿಡಿಯೋಳು ಇಲ್ಲ.”

ನೂಲು ಸುರುಟಿ ಸುರುಟಿ ಅವನ ಮೈಗೆ ಬಂದು ಒರಗಿತು. ಯಾವ ಬಲೆಗೂ ಅದು ಬೇಡವಾಯಿತು. ಇವನು ಮಾತ್ರ ಹಿಡಿತ ಸಡಿಲಿಸಲಿಲ್ಲ. ಎದುರಿಗೆ ಅವಳು ತಿರುಗುತ್ತಿದ್ದ ಖಾಲಿ ಅಚ್ಚನ್ನು ನೋಡುತ್ತ, “ಅಷ್ಟೇನು ಅವಸರ ನಿನಗೆ?” ಎಂದ.