ನಾಲ್ಕಕ್ಕೊಂದು ಬಿಳಿ ಹೂ

ಹೊಂಗೇಹಳ್ಳಿಯವರಿಗೆ ಬಿಳಿ ಹೂವಿನ ಅವರೆ ಎಂದರೆ ಪ್ರಾಣ. ಊರಿನ ಬಿತ್ತನೆ ಬೀಜದ ಬುಟ್ಟಿ ಕಾಯುವ ಹೊಣೆ ತಲೆಮಾರಿನಿಂದ ದೇವೀರಮ್ಮನ ಮನೆಯದು. ಹೂ ಬಿಟ್ಟಾಗ ಊರ ಯಜಮಾನರು ಬೀಜದ ಹೊಲಕ್ಕೆ ಬಂದು, ಬಣ್ಣ ಕೆಟ್ಟ ಗಿಡ ಕಂಡರೆ ಬೇರುಸಹಿತ ಕೀಳುವುದು ವಾಡಿಕೆ.

ಒಂದು ವರ್ಷ ರೋಗ ಬಿದ್ದು ಬಿಳಿ ಅವರೆ ಸಾಯತೊಡಗಿತು. ದೇವೀರಮ್ಮ ಕೈಕಟ್ಟಿ ಕೂರುವ ಹೆಂಗಸಲ್ಲ. ಉಳಿದಿದ್ದ ಒಂದೇ ಗಿಡದ ಹೂಗಳಿಗೆ, ರೋಗ ತಾಕದ ನೇರಳೆ ಹೂವಿನ ಅವರೆಯ ಪರಾಗವನ್ನು ಕೈಯಾರೆ ಮುಟ್ಟಿಸಿದಳು. ಕಾಯಿ ಕಟ್ಟಿತು, ಗಿಡ ಸತ್ತಿತು. ಮರುವರ್ಷ ಆ ಬೀಜ ಬಿತ್ತಿದರೆ ಗಿಡಗಳೇನೋ ಗಟ್ಟಿಮುಟ್ಟಾಗಿ ಬಂದವು. ಹೂ ಮಾತ್ರ ಎಲ್ಲವೂ ನೇರಳೆ!

ಯಜಮಾನ ಗವಿರಂಗಪ್ಪ ಕೆಂಡವಾದ. "ವಂಶಾನೇ ಹಾಳು ಮಾಡ್ಬಿಟ್ಟೆಯಲ್ಲಮ್ಮ! ಕೀಳ್ರೋ ಎಲ್ಲಾನೂ. ಬೀಜದ ಬುಟ್ಟಿ ಇನ್ನು ಬೇರೆ ಮನೆಗೆ."

ದೇವೀರಮ್ಮ ಗಿಡಗಳಿಗೆ ಅಡ್ಡ ನಿಂತಳು.

"ಯಜಮಾನ್ರೇ, ನಿಮ್ಮವ್ವನ ಬೆಕ್ಕಿನ ಕಣ್ಣು ನಿಮಗೆ ಬಂತಾ?"

"ಇಲ್ಲ."

"ನಿಮ್ಮ ಮೊಮ್ಮಗಳಿಗೆ?"

ಮೀಸೆ ತಿರುವುತ್ತಿದ್ದ ಕೈ ಅಲ್ಲೇ ನಿಂತಿತು. ಮುದ್ದಿನ ಮೊಮ್ಮಗಳ ಕಣ್ಣು ಥೇಟ್ ಮುತ್ತಜ್ಜಿಯದೇ.

"ನಡುವೆ ಅದು ಎಲ್ಲಿತ್ತು? ನಿಮ್ಮೊಳಗೇ ಅಡಗಿತ್ತು. ಈ ಗಿಡಕ್ಕೂ ಅವ್ವನ ಪಾಲು ಒಂದು, ಅಪ್ಪನ ಪಾಲು ಒಂದು. ಪಕ್ಕದಲ್ಲಿ ನೇರಳೆ ಪಾಲು ಇದ್ರೆ ಬಿಳಿ ಪಾಲು ತಲೆ ಎತ್ತಲ್ಲ. ಇವುಗಳ ಮಕ್ಕಳಲ್ಲಿ ಪಾಲು ಕೂಡೋದು ನಾಲ್ಕು ಬಗೆ. ಬಿಳಿಗೆ ಬಿಳಿಯೇ ಕೂಡೋದು ಅದರಲ್ಲಿ ಒಂದು. ಇನ್ನೊಂದು ಬೆಳೆ ಬಿಡಿ. ಬಿಳಿ ಬರದಿದ್ರೆ ಬುಟ್ಟಿ ನಾನೇ ಹೊತ್ತು ತಂದುಕೊಡ್ತೀನಿ."

ಮೊಮ್ಮಗಳ ನೆನಪಾಗಿ ಗವಿರಂಗಪ್ಪ ಮೆತ್ತಗಾದ. ದೇವೀರಮ್ಮ ಬೇರೆ ಪರಾಗ ಸೋಕದಂತೆ ಹೂಗೊಂಚಲುಗಳಿಗೆ ತೆಳು ಬಟ್ಟೆ ಕಟ್ಟಿ ಬೀಜ ಹಿಡಿದಳು, ಮುಂದಿನ ಹಂಗಾಮಿಗೆ ಬಿತ್ತಿದಳು.

ಹೂ ಬಿಟ್ಟ ದಿನ ಊರಿಗೆ ಊರೇ ಬದುವಿನ ಮೇಲೆ ನಿಂತಿತ್ತು. ಒಟ್ಟು ಎಂಬತ್ತು ಗಿಡ. ಅರವತ್ತೊಂದು ನೇರಳೆ. ಉಳಿದ ಹತ್ತೊಂಬತ್ತೂ ಹಾಲಿನಂಥ ಬಿಳಿ! ಅದರಲ್ಲಿ ಹದಿನಾಲ್ಕಕ್ಕೆ ರೋಗದ ಸುಳಿವೂ ಇರಲಿಲ್ಲ. ಹೆಂಗಸರು ಕೇಕೆ ಹಾಕಿದರು. ದೇವೀರಮ್ಮ ಅಳುತ್ತಲೇ ನಕ್ಕಳು.

ಗವಿರಂಗಪ್ಪ ಬೀಜದ ಬುಟ್ಟಿಯನ್ನು ತಾನೇ ಎತ್ತಿ ಅವಳ ತಲೆಯ ಮೇಲಿಟ್ಟ.

"ಇನ್ಮೇಲೆ ಗಿಡ ಕೀಳೋಕೆ ನೀನು ಕರೆದ್ರೆ ಬರ್ತೀವಿ ತಾಯಿ. ನಾವಾಗಿ ಬರಲ್ಲ."

ನೀತಿ: ಕಣ್ಣಿಗೆ ಕಾಣದ ಮಾತ್ರಕ್ಕೆ ಗುಣ ಅಳಿದುಹೋಯಿತು ಎಂದುಕೊಳ್ಳಬಾರದು. ಹಿರಿಯರಿಂದ ಬಂದದ್ದು ಒಂದು ತಲೆಮಾರು ಅಡಗಿದ್ದು ಮುಂದಿನದರಲ್ಲಿ ಅರಳಬಹುದು. ಕೀಳುವ ಮೊದಲು ಇನ್ನೊಂದು ಬೆಳೆ ಕಾಯಿರಿ.