ಬಸುರಿ ಟಗರುಗಳ ಬಯಕೆ

ಹಾಲ್ಗೊಂದಿಯ ದೊರೆ ಚಿತ್ತಪ್ಪ ನಾಯಕರಿಗೆ ತಮ್ಮ ಮೀಸೆಗಿಂತ ತಮ್ಮ ಹುಲ್ಲುಗಾವಲಿನ ಮೇಲೆ ಹೆಮ್ಮೆ ಜಾಸ್ತಿ.

"ನನ್ನ ಕಾವಲಿನ ಹುಲ್ಲು ಮೂಸಿದರೆ ಮೇಕೆ ಎತ್ತಾಗುತ್ತದೆ, ಎತ್ತು ಆನೆಯಾಗುತ್ತದೆ!" ಎಂದು ಓಲಗದಲ್ಲಿ ಹೇಳಿಕೊಳ್ಳುವರು. ಆನೆ ಮೂಸಿದರೆ ಏನಾಗುತ್ತದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಬೇಸಿಗೆ ದನಗಾಹಿ ಬಿಳಿಯಪ್ಪ ಕೈಮುಗಿದು ಬಂದ.

"ಬುದ್ಧೀ, ಹುಲ್ಲು ಒಣಗಿ ಕಡ್ಡಿ ಆಗೈತೆ. ಹೊಟ್ಟೆ ತುಂಬ್ತದೆ, ಮೈ ತುಂಬಾಕಿಲ್ಲ. ಕಡಸುಗಳಿಗೂ ಕುರಿಗಳಿಗೂ ದಿನಾ ಒಂದಿಷ್ಟು ಹಿಂಡಿ, ಹುರುಳಿ ಕೊಡಿಸಿ. ಇಲ್ಲಾಂದ್ರೆ ಮಳೆಗಾಲಕ್ಕೆ ಅರ್ಧ ಹಿಂಡೂ ಉಳಿಯಾಕಿಲ್ಲ."

"ನನ್ನ ಹುಲ್ಲು ಸಾಲದೇ?" ದೊರೆಗಳ ಮೀಸೆ ನೆಟ್ಟಗಾಯಿತು. "ಇವನನ್ನೇ ಕಾವಲಿಗೆ ಬಿಡಿ! ಮಳೆ ಬರುವತನಕ ದನದ ಜೊತೆ ಮೇಯಲಿ. ನನ್ನ ಹುಲ್ಲಿಗೆ ಶಕ್ತಿ ಸಾಲದು ಎಂದವರು ಯಾರೇ ಆಗಲಿ, ಅವರಿಗೆಲ್ಲ ಇದೇ ಶಿಕ್ಷೆ!"

ಅರಮನೆಯ ಉಗ್ರಾಣ ನೋಡಿಕೊಳ್ಳುವ ಮುದುಕಿ ಮುದ್ದಾಜಮ್ಮನವರು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ನಿಂತಿದ್ದರು. ಆ ಕಡಸುಗಳ ತಾಯಂದಿರನ್ನು, ಅಜ್ಜಿಯರನ್ನು ಹೆಸರು ಹಿಡಿದು ಕರೆದು ಸಾಕಿದವರು ಅವರು. ಬಿಳಿಯಪ್ಪನ ಮಾತು ನಿಜವೆಂದು ಗೊತ್ತು. ಹಾಗೆಂದು ಹೇಳುವಂತಿಲ್ಲ. ಬಾಯಲ್ಲಿ ಉಳಿದ ನಾಲ್ಕು ಹಲ್ಲಿಗೆ ಅವಲಕ್ಕಿಯೇ ಕಷ್ಟ; ಇನ್ನು ಒಣಹುಲ್ಲು ಮೇಯುವುದು ಹೇಗೆ?

ಕೆಲವು ದಿನ ಬಿಟ್ಟು ಕಾವಲಿಗೆ ಹೋದರು. ಬಿಳಿಯಪ್ಪ ಮಂಡಿಯೂರಿ ಮೇಯುತ್ತಿದ್ದ. ಅಗಿಯುತ್ತಾನೋ ಇಲ್ಲವೋ ನೋಡಲು ಒಬ್ಬ ಸಿಪಾಯಿ.

"ಹೇಗಿದೆಯೋ?"

"ಉಪ್ಪು ಕಡಿಮೆ, ಅಮ್ಮಾವ್ರೆ."

ಮುದ್ದಾಜಮ್ಮನವರು ಹಿಂಡನ್ನು ನೋಡಿದರು. ಕಡಸುಗಳ ಹೊಟ್ಟೆ ನಗಾರಿ, ಬೆನ್ನು ಗರಗಸ. ಸೊಂಟದ ಮೂಳೆಗೆ ಪೇಟ ತೂಗುಹಾಕಬಹುದಿತ್ತು. ಕುರಿಗಳೂ ಹಾಗೆಯೇ: ಮೇಲೆ ಬಡಕಲು, ಕೆಳಗೆ ಸೋರೆಬುರುಡೆ.

ಹುಲ್ಲಿಗೆ ಶಕ್ತಿ ಕಡಿಮೆ ಎನ್ನಬಾರದು ತಾನೆ? ಸರಿ, ಹೆಚ್ಚು ಅಂದರಾಯಿತು!

ಸೆರಗು ಬಿಗಿದು ಅರಮನೆಗೆ ಓಡಿದರು.

"ಮಹಾಸ್ವಾಮಿ, ಸಿಹಿ ಹಂಚಿ! ಕಡಸುಗಳೆಲ್ಲ ಗಬ್ಬ!"

"ಹೋರಿಯನ್ನೇ ಬಿಟ್ಟಿಲ್ಲವಲ್ಲ?"

"ಹೋರಿ ಯಾಕೆ, ತಮ್ಮ ಹುಲ್ಲಿರುವಾಗ?"

ದೊರೆಗಳು ಮೀಸೆ ತಿರುವಿಕೊಂಡು, ಪರಿವಾರ ಸಮೇತ ಕಾವಲಿಗೆ ಬಂದರು. ಒಂದೊಂದು ಹೊಟ್ಟೆಯನ್ನೂ ತಟ್ಟಿ ತಲೆದೂಗಿದರು. ಅಷ್ಟರಲ್ಲಿ ಉಬ್ಬಿದ ಹೊಟ್ಟೆಯ ಒಂದು ಟಗರು ಎದುರಿಗೆ ಬಂತು.

"ಇದು?"

"ಇದೂ ಬಸುರಿ, ಮಹಾಸ್ವಾಮಿ."

"ಮುದ್ದಾಜಮ್ಮನವರೇ, ಇದು ಟಗರು!"

"ಬೇರೆ ಸೀಮೆಯ ಹುಲ್ಲಾಗಿದ್ದರೆ ನಾನೂ ನಂಬುತ್ತಿರಲಿಲ್ಲ. ತಮ್ಮ ಹುಲ್ಲಿಗೆ ಅಷ್ಟು ಶಕ್ತಿ ಸಾಲದು ಎಂದು ತಾವೇ ಅಪ್ಪಣೆ ಕೊಡಿಸಿದರೆ ಒಪ್ಪುತ್ತೇನೆ."

ದೊರೆಗಳು ಬಾಯಿ ತೆರೆದರು. ಹುಲ್ಲು ಅಗಿಯುತ್ತಿದ್ದ ಬಿಳಿಯಪ್ಪ ಕತ್ತೆತ್ತಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ದೊರೆಗಳು ಬಾಯಿ ಮುಚ್ಚಿದರು.

"ಬಸುರಿಯೇ," ಎಂದರು ಮೆಲ್ಲಗೆ.

"ಹಾಗಿದ್ದರೆ ಬಯಕೆ ತೀರಿಸಬೇಕಲ್ಲ! ಬಸುರಿಯ ಬಯಕೆ ತೀರಿಸದ ಮನೆ ಉಂಟೇ?"

"ಏನಂತೆ ಬಯಕೆ?"

"ಎಳ್ಳಿಂಡಿ, ನೆನೆಸಿದ ಹುರುಳಿ, ಒಂದು ಹರಳು ಉಪ್ಪು. ಕಡಸಿಗೆ ಸೇರು, ಕುರಿಗೆ ಹಿಡಿ. ಹೊಟ್ಟೆ ತುಂಬುವುದಕ್ಕೆ ತಮ್ಮ ಹುಲ್ಲೇ. ಇದು ಬರಿಯ ನಾಲಗೆಯ ಚಪಲಕ್ಕೆ. ಕುರಿಗಳಿಗೆ ಬಾನಿ ಬೇರೆ ಇಡಿಸಬೇಕು, ಕಡಸುಗಳು ನುಗ್ಗದ ಹಾಗೆ ಅಡ್ಡ ಬೊಂಬು ಕಟ್ಟಿಸಬೇಕು. ಚೊಚ್ಚಲ ಬಸುರಿ ನೋಡಿ, ನೂಕುನುಗ್ಗಲು ಆಗದು."

"ಆಗಲಿ. ಮತ್ತೆ ಇವನೇಕೆ ಹೊಟ್ಟೆ ಹಿಡಿದುಕೊಂಡಿದ್ದಾನೆ?"

"ಬಿಳಿಯಪ್ಪನೂ ಅದೇ ಹುಲ್ಲು ಮೇದಿದ್ದಾನಲ್ಲ, ಮಹಾಸ್ವಾಮಿ."

"ಇವನೂನಾ!"

"ನಂಗೆ ಮುದ್ದೆ, ಉಪ್ಪೆಸರಿನ ಬಯಕೆ ಬುದ್ಧೀ," ಎಂದ ಬಿಳಿಯಪ್ಪ ನಾಚಿಕೊಂಡು.

ಅಂದಿನಿಂದ ಉಗ್ರಾಣದ ಬಾಗಿಲು ತೆರೆಯಿತು. ಹಗಲೆಲ್ಲ ಹುಲ್ಲು, ಸಂಜೆಗೆ ಬಯಕೆ. ಕಡಸುಗಳ ಬೆನ್ನು ದುಂಡಗಾಯಿತು, ಚರ್ಮಕ್ಕೆ ಹೊಳಪು ಬಂತು. ಟಗರುಗಳು ಕೊಂಬು ತಿಕ್ಕಿ ಕಾಳಗಕ್ಕೆ ನಿಂತವು. ಮಳೆ ಬಂದಾಗ ಹಿಂಡಿನಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಆದರೆ ಹೊಟ್ಟೆಗಳೆಲ್ಲ ಒಳಗೆ ಹೋಗಿದ್ದವು.

ಅಷ್ಟರಲ್ಲಿ ಸುದ್ದಿ ಗಡಿ ದಾಟಿತ್ತು. ನೆರೆಸೀಮೆಯ ಪಾಳೆಯಗಾರ, ಟಗರಿನ ಕೂಸಿಗೆ ಇರಲಿ ಎಂದು ಒಂದು ಕುಲಾವಿ ಹೊಲಿಸಿ ಕಳಿಸಿದ. ಕೊಂಬಿಗೆಂದು ಅದರಲ್ಲಿ ಎರಡು ತೂತು ಬೇರೆ ಬಿಡಿಸಿದ್ದ.

ತುಂಬಿದ ಓಲಗದಲ್ಲಿ ದೊರೆಗಳು ಆ ಕುಲಾವಿಯನ್ನು ಎತ್ತಿ ಹಿಡಿದು ಗುಡುಗಿದರು.

"ಮುದ್ದಾಜಮ್ಮನವರೇ! ಬಸುರಿ ಎಂದಿರಿ, ಬಯಕೆ ಎಂದಿರಿ, ಉಗ್ರಾಣ ಖಾಲಿ ಮಾಡಿಸಿದಿರಿ. ಕೂಸೆಲ್ಲಿ? ಸಂಜೆಯೊಳಗೆ ಒಂದಾದರೂ ಟಗರು ಹೆರಬೇಕು. ಇಲ್ಲವೋ, ನಾಳೆಯಿಂದ ನೀವು ಕಾವಲಿಗೆ!"

ಮುದ್ದಾಜಮ್ಮನವರು ಗಾಬರಿಯಾಗಲಿಲ್ಲ. ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಹೆರುವುದಕ್ಕೆ ಅವು ತಯಾರೇ ಇದ್ದವು, ಮಹಾಸ್ವಾಮಿ. ಯೋಚಿಸಿ ಸುಮ್ಮನಾದವು."

"ಟಗರುಗಳು ಏನು ಯೋಚಿಸಿದವಂತೆ?"

"ಕೂಸು ಹುಟ್ಟಿದರೆ ನಾಮಕರಣ ಆಗಬೇಕು. ನಾಮಕರಣಕ್ಕೆ ತಂದೆ ಯಾರೆಂದು ಪುರೋಹಿತರು ಕೇಳೇ ಕೇಳುತ್ತಾರೆ. ಹೋರಿಯಲ್ಲ, ಟಗರಲ್ಲ, ಎಲ್ಲ ಹುಲ್ಲಿನ ಮಹಿಮೆ. ಆ ಹುಲ್ಲೋ, ತಾವೇ ದಿನಾ ಹೇಳುವ ಹಾಗೆ, ತಮ್ಮದು. ಮೂಕಪ್ರಾಣಿಗಳಾದರೂ ಮಾನವಂತರು, ಮಹಾಸ್ವಾಮಿ. ಮಹಾರಾಣಿಯವರ ಮುಂದೆ ತಮ್ಮ ಹೆಸರು ಹೇಳುವುದಕ್ಕೆ ಅವಕ್ಕೆ ಬಾಯಿ ಬರಲಿಲ್ಲ."

ಪರದೆಯ ಹಿಂದಿನಿಂದ ಮಹಾರಾಣಿಯವರ ನಗು ಮೊದಲು ಕೇಳಿಸಿತು. ಆಮೇಲೆ ಸಿಪಾಯಿಗಳು. ಕೊನೆಗೆ ದೊರೆಗಳೇ ಹೊಟ್ಟೆ ಹಿಡಿದುಕೊಂಡು ಸಿಂಹಾಸನದ ಮೇಲೆ ಒರಗಿದರು.

"ಸಾಕು ತಾಯಿ, ಸಾಕು! ಪ್ರತಿ ಬೇಸಿಗೆಯಲ್ಲೂ ಹಿಂಡಿ ಕೊಡಿ, ಹುರುಳಿ ಕೊಡಿ, ಉಪ್ಪೂ ಕೊಡಿ," ಎಂದರು ಕಣ್ಣೊರೆಸಿಕೊಳ್ಳುತ್ತ. "ಬಸುರಿಯಾಗುವ ಮುಂಚೆಯೇ ಕೊಟ್ಟುಬಿಡಿ!"