ಶಿರಸ್ತೇದಾರರ ಹೊಸ ಬೀಗ

ಕಚೇರಿಯ ಜವಾನ ಪುಟ್ಟಮಾದುವಿಗೆ ಒಂದೇ ಹುಚ್ಚು. ಎಂಥ ಗಟ್ಟಿ ಬೀಗ ಕೊಂಡು ತಂದರೂ ಕೀಲಿಯಿಲ್ಲದೆ ತಂತಿಯಲ್ಲೇ ತೆಗೆಯಬೇಕು.

ಶಿರಸ್ತೇದಾರ್ ನಂಜರಾಜಯ್ಯನವರಿಗೆ ಇದು ಗೊತ್ತಾಯಿತು. "ಕಳ್ಳರ ವಿದ್ಯೆ ಕಣಯ್ಯಾ ಇದು! ನಾಳೆಯಿಂದ ನಿನಗೆ ಕೆಲಸವಿಲ್ಲ," ಎಂದು ಗುಡುಗಿ, ಅವನ ತಂತಿಗಳನ್ನು ಬೀರುವಿಗೆ ಎಸೆದು, ಹೊಸ ಬೀಗವನ್ನು ಠಪ್ಪನೆ ಒತ್ತಿದರು. ಆಮೇಲೆ ಜೇಬು ತಡವಿದರು. ಕೀಲಿ ಬೀರುವಿನೊಳಗೇ ಉಳಿದಿತ್ತು. ಸಾಹೇಬರು ಆಗಲೇ ಕೇಳಿದ್ದ ಫೈಲೂ ಅಲ್ಲೇ.

"ಮಾದು, ಸ್ವಲ್ಪ ತೆಗೆಯೋ ಮಾರಾಯ."

"ಅಯ್ಯೋ, ಕಳ್ಳರ ವಿದ್ಯೆ ಸಾರ್! ಇದು ಕಳ್ಳತನವಲ್ಲ, ನನ್ನ ಕೆಲಸ ಹೋಗಲ್ಲ ಅಂತ ಬರೆದುಕೊಡಿ. ಎರಡು ಪ್ರತಿ."

ಬೆವರೊರೆಸಿಕೊಂಡು ಬರೆದರು. ಸಹಿ, ಮೊಹರು ಹಾಕಿ ಎರಡಕ್ಕೂ ಕ್ಲಿಪ್ಪು ಸಿಕ್ಕಿಸಿ ಕೊಟ್ಟರು. ಮಾದು ಕಾಗದಗಳನ್ನು ಜೇಬಿಗಿಟ್ಟ. ಕ್ಲಿಪ್ಪುಗಳನ್ನು ನೆಟ್ಟಗೆ ಮಾಡಿ ಬೀಗದೊಳಗೆ ಆಡಿಸಿದ. ಬೀಗ ಬಿಚ್ಚಿಕೊಂಡಿತು.

ನಂಜರಾಜಯ್ಯ ತಂತಿಗಳನ್ನು ತಾವೇ ಎತ್ತಿ ಅವನ ಕೈಗಿಟ್ಟರು.

"ಇವು ಕಚೇರಿಯಲ್ಲೇ ಇರಲಿ ಮಾದು. ಬೀರುವಿನ ಹೊರಗೆ."